ಅತ್ತೆಯ ಸೀನು

ಅತ್ತೆ ಜೋರಾಗಿ ಸೀನಿದರು. ಲೋಟ ತೊಳೆಯುತ್ತಿದ್ದ ಸೊಸೆ ತಿರುಗಿ ನೋಡಿದಳು. ಕುಟ್ಟಾಣಿಯಲ್ಲಿ ಚಕ್ಕೆ, ಲವಂಗ ಅಷ್ಟೇ ಇದ್ದವು. ಸೀನು ತರಿಸಬೇಕಾದ ಕಾಳುಮೆಣಸೂ ಒಣಶುಂಠಿಯೂ ಪಕ್ಕದ ತಟ್ಟೆಯಲ್ಲಿ ಹಾಗೇ ಬಿದ್ದಿದ್ದವು.

ಅವರ ಚಹಾ ಅಂಗಡಿಯ ಮಸಾಲೆಗೆ ಇದ್ದದ್ದು ಒಂದೇ ಪರೀಕ್ಷೆ. ಎಲ್ಲ ಕುಟ್ಟಿ ಬೆರೆಸಿ, ಕುಟ್ಟಾಣಿಯ ಮೇಲೆ ಬಗ್ಗಿ ಉಸಿರೆಳೆದರೆ ಅತ್ತೆಗೆ ಸೀನು ಬರಬೇಕು. ಬಂದರೆ ಪುಡಿ ಡಬ್ಬಿಗೆ, ಇಲ್ಲದಿದ್ದರೆ ಇನ್ನೊಂದು ತುಂಡು ಶುಂಠಿ ಕುಟ್ಟಾಣಿಗೆ. ಗಂಡ ಹೋದ ಮೇಲೆ ಅತ್ತೆ ಅಂಗಡಿ ಉಳಿಸಿಕೊಂಡದ್ದೇ ಈ ಪುಡಿಯಿಂದ. ಸೊಸೆಯನ್ನು ಕುಟ್ಟಾಣಿಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ.

"ಆಯ್ತಾ ಅಮ್ಮಾ?" ಅಂಗಡಿಯ ಮುಂಭಾಗದಿಂದ ಮಗ ಕೂಗಿದ. ಸೀನು ಅವನಿಗೂ ಕೇಳಿಸಿತ್ತು.

"ಆಯ್ತು ಕಣೋ."

"ಈ ಸಲ ನೋಡ್ತೀನಿ. ಮತ್ತೆ ಯಾರಾದ್ರೂ ಚಹಾ ಬಿಟ್ಟು ಹೋದ್ರೆ ಪ್ಯಾಕೆಟ್ ಪುಡೀನೇ ತರೋದು. ನೀನು ಮನೇಲಿ ಆರಾಮಾಗಿರು."

ಅವನದೂ ತಪ್ಪಲ್ಲ. ಈಚೆಗೆ ಎದುರು ಗ್ಯಾರೇಜಿನವರು ಅರ್ಧ ಲೋಟ ಉಳಿಸಿ ಏಳುತ್ತಿದ್ದರು. ಮೀಸೆ ಮೇಸ್ತ್ರಿಯಂತೂ, "ಚಹಾ ಕೇಳಿದ್ರೆ ಕಷಾಯ ಕೊಡ್ತೀಯಲ್ಲಪ್ಪಾ, ನನಗೇನು ಕಾಯಿಲೆನಾ?" ಎಂದು ಎಲ್ಲರೆದುರು ಮಾನ ತೆಗೆದಿದ್ದ.

ಸೊಸೆಯ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಅತ್ತೆಯ ಬೆನ್ನ ಹಿಂದೆಯೇ, ಒಲೆಯ ಮೇಲಿನ ಬಾಣಲೆಯಲ್ಲಿ ಏಲಕ್ಕಿ ಕರಕಲಾಗಿ ಹೊಗೆಯಾಡುತ್ತಿತ್ತು. ಅತ್ತೆ ಆರಾಮಾಗಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಸೊಸೆ ಹೋಗಿ ಒಲೆ ಆರಿಸಿ, ಬಾಣಲೆಯನ್ನು ಅವರ ಮುಂದೆ ತಂದಿಟ್ಟಳು.

ಅತ್ತೆ ಅದನ್ನೇ ನೋಡುತ್ತಾ ಕೂತರು.

"ಜ್ವರ ಬಂದು ಹೋದಾಗಿಂದ ಹಿಂಗೇ," ಎಂದರು ಕೊನೆಗೆ, ದನಿ ತಗ್ಗಿಸಿ. "ಏನೂ ಗೊತ್ತಾಗಲ್ಲ ಕಣೇ. ಸೋಪು, ಸೀಮೆಎಣ್ಣೆ ಎಲ್ಲ ಒಂದೇ. ಮಸಾಲೆ ಮೂಗಿಗೇ ಏರಲ್ಲ. ಸೀನು ಬರ್ಲಿ ಅಂತ ಶುಂಠಿ ಸುರೀತಾನೇ ಹೋದೆ, ಅದಕ್ಕೇ ಕಷಾಯ ಆಗಿದ್ದು."

"ಮತ್ತೆ ಆ ಸೀನು?"

"ಅವನ ಕಿವಿಗೆ ಬೀಳ್ಲಿ ಅಂತ. ಇಷ್ಟು ವರ್ಷ ಸೀನಿದೀನಿ, ಒಂದು ಸುಳ್ಳು ಸೀನು ಬರಲ್ವಾ?"

ಸೊಸೆಗೆ ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಬೆಳಗಿನಿಂದ ನಿಂತೂ ನಿಂತೂ ಕಾಲುಗಳು ಸೋತಿದ್ದವು.

"ಅವನಿಗೆ ಹೇಳ್ಬೇಡ," ಎಂದರು ಅತ್ತೆ. "ಈ ಪುಡಿ ಬೇಡ ಅಂದ್ರೆ ನಾನೂ ಬೇಡ ಅಂದಂಗೇ. ಮನೇಲಿ ಕೂತು ಗೋಡೆ ನೋಡ್ಲಾ?"

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ತನ್ನ ಕಾಲ ಬಂದರೂ ಇನ್ನೊಂದು ಚಾಕರಿಯನ್ನು ಹೊತ್ತುಕೊಂಡೇ ಬಂತಲ್ಲ ಎನ್ನಿಸಿತು ಸೊಸೆಗೆ. ಕೈ ಒರೆಸಿಕೊಂಡು, ಸುಟ್ಟದ್ದನ್ನು ಕಸಕ್ಕೆ ಸುರಿದು, ಬಾಣಲೆ ತೊಳೆದು ಮತ್ತೆ ಒಲೆಯ ಮೇಲಿಟ್ಟಳು.

"ಹೇಳಿ. ಏಲಕ್ಕಿ ಎಷ್ಟು?"

"ಒಂದು ಹಿಡಿ. ನಿನ್ನ ಹಿಡಿ ಅಲ್ಲ, ನನ್ನ ಹಿಡಿ," ಎಂದು ಅತ್ತೆಯೇ ಹಾಕಿದರು. "ಸಣ್ಣ ಉರಿ ಇರ್ಲಿ. ಘಮ ಬಂದ ಕೂಡ್ಲೇ ಇಳಿಸ್ಬೇಕು. ಬಂತಾ?"

"ಬಂತು."

"ಹೆಂಗಿದೆ?"

ಸೊಸೆ ಬಾಣಲೆ ಕೆಳಗಿಳಿಸಿದಳು. "ಮೊದಲಿನ ಹಂಗೇ ಇದೆ ಅತ್ತೆ."

ಅತ್ತೆ ಮುಖ ಆಚೆ ತಿರುಗಿಸಿ ಶುಂಠಿ ಜಜ್ಜತೊಡಗಿದರು.

ಎಲ್ಲ ಕುಟ್ಟಿ ಮುಗಿಸುವಷ್ಟರಲ್ಲಿ ಸೊಸೆಯ ರಟ್ಟೆ ಬಿದ್ದುಹೋಗಿತ್ತು. ಕುಟ್ಟಾಣಿಯ ಮೇಲೆ ಬಗ್ಗಿ ಉಸಿರೆಳೆದಳು. ಸೀನು ತಡೆಯಲಾಗಲಿಲ್ಲ.

"ಏನಮ್ಮಾ, ಆಗ್ಲೇ ಆಯ್ತು ಅಂದಿದ್ದೆ?" ಮಗ ಕೂಗಿದ.

"ಏಲಕ್ಕಿ ಸೀದೋಯ್ತು ಅಂತ ಇನ್ನೊಂದ್ಸಲ ಕುಟ್ಟಿದೆ ಕಣೋ. ಈಗ ಸರಿಯಾಯ್ತು," ಎಂದರು ಅತ್ತೆ. ನೀರು ತುಂಬಿದ ಕಣ್ಣು ಒರೆಸಿಕೊಳ್ಳಲು ಸೊಸೆಗೆ ಟವೆಲ್ ಚಾಚುತ್ತಾ ಪಿಸುಗುಟ್ಟಿದರು: "ಮುಂದಿನ ಸಲ ಸ್ವಲ್ಪ ಜೋರಾಗಿ ಸೀನು. ನಂದು ಇಷ್ಟು ಸಣ್ಣದಲ್ಲ."

ಸೊಸೆ ಉಳಿದ ಲೋಟಗಳತ್ತ ಹೋದಳು. ಅತ್ತೆ ಪುಡಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಬಿಗಿ ಮಾಡಿದರು. ಆಮೇಲೆ ಪುಡಿ ಮೆತ್ತಿದ ಬೆರಳುಗಳನ್ನು ಮೂಗಿಗೆ ಹಿಡಿದು, ಲೋಟ ತೊಳೆಯುವ ಸದ್ದು ನಿಲ್ಲುವವರೆಗೂ ಹಾಗೇ ಕೂತಿದ್ದರು.