ಗಾಡಿಯ ಐಬು, ನನ್ನ ಐಬು

ಡುಕ್ಕರ್ ಫಿಯಾಟಿನ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇತ್ತು. ಗುಂಡು ಬೆನ್ನಿನ ಆ ಹಳೇ ಕಾರು ಎಲ್ಲಿ ಕಂಡರೂ ಕಾಲು ಮುಂದೆ ಹೋಗುತ್ತಿರಲಿಲ್ಲ. ಅಫಜಲಪುರದ ನನ್ನ ಬಟ್ಟೆ ಅಂಗಡಿ ಒಂದಿಷ್ಟು ಕೈಹಿಡಿದ ಮೇಲೆ, ೧೯೮೬ರಲ್ಲಿ, ನನ್ನ ಜೀಪು ರಿಪೇರಿ ಮಾಡುವ ಮಿಸ್ತ್ರಿ ಹುಸೇನಸಾಬನನ್ನು ಕರೆದುಕೊಂಡು ಹುಡುಕಲು ಹೊರಟೆ.

ಮೊದಲು ಸೊಲ್ಲಾಪುರದಲ್ಲಿ ಹಳೇ ಕಾರುಗಳನ್ನೇ ಮಾರುವ ಒಬ್ಬ ವ್ಯಾಪಾರಿಯ ಹತ್ತಿರ ಹೋದೆವು. ಮುಖ ಕಾಣುವಂಥ ಬಣ್ಣ, ಆರು ತಿಂಗಳ ಗ್ಯಾರಂಟಿ, ಮೇಲೆ ಚಹಾ. ಏನು ಕೇಳಿದರೂ "ಏಕದಮ್ ಫಸ್ಟ್ ಕ್ಲಾಸ್" ಎಂದ. ನನ್ನ ಮನಸ್ಸು ಅಲ್ಲೇ ಕರಗಿತ್ತು. ಹುಸೇನಸಾಬ ಮಾತ್ರ, "ಇನ್ನೊಂದು ನೋಡಿ ಬರೂಣು ನಡೀರಿ, ಸಾವಕಾರ್ರ" ಎಂದ.

ಇನ್ನೊಂದು ಮಟಕಿ ಎಂಬ ಹಳ್ಳಿಯ ಗೌರಾಬಾಯಿಯವರದು. ತೀರಿಹೋದ ಗಂಡ ಓಡಿಸುತ್ತಿದ್ದ ಕಾರು. ಬಣ್ಣ ಮಾಸಿತ್ತು, ಸೀಟಿನ ಮೇಲೆ ಮಾತ್ರ ಚೂರೂ ಧೂಳಿರಲಿಲ್ಲ. ನಾವು ಬಾನೆಟ್ ಮುಟ್ಟುವ ಮೊದಲೇ ಶುರು ಮಾಡಿದರು: "ಮೊದಲ ಐಬು ಕೇಳ್ರಿ. ಎರಡನೇ ಗೇರು ಜಾರ್ತದ. ಮಳ್ಯಾಗ ಎಡಗಡಿ ಬಾಗಿಲಾ ಸೋರ್ತದ. ಗಾಣಗಾಪುರಕ್ಕ ಹೋಗೂದ್ರಾಗ ಎರಡು ಸಲ ನೀರು ಕುಡೀತದ."

ಎತ್ತು ಮಾರುವಾಗ ಮೊದಲು ಐಬು ಹೇಳುವುದು ಆ ಮನೆಯ ಪದ್ಧತಿ. ಐಬು ಮುಚ್ಚಿಟ್ಟು ಮಾರಿದರೆ ಅವರಿಗೆ ಆಗಿಬರುವುದಿಲ್ಲವಂತೆ. ಅಬ್ಬಾ, ಎಂಥ ಹೆಂಗಸು ಎಂದುಕೊಂಡೆ! ಹುಸೇನಸಾಬ ಓಡಿಸಿ ನೋಡಿ ಬಂದ. ಅವರು ಹೇಳಿದ್ದಕ್ಕಿಂತ ಒಂದು ಐಬೂ ಹೆಚ್ಚಿರಲಿಲ್ಲ.

"ಚಾವಿ ಕೊಡ್ರಿ ಯವ್ವಾ" ಎಂದೆ.

"ತಡಿ ತಮ್ಮಾ. ಎತ್ತು ಒಯ್ಯಾವನೂ ತನ್ನ ಐಬು ಹೇಳಬೇಕು. ನಿಂದೇನದ ಹೇಳು. ಸುಳ್ಳು ಅನಸ್ತಂದ್ರ ಗಾಡಿ ಕೊಡಂಗಿಲ್ಲ."

ಹಿಂದಿನ ವರ್ಷ ರೇಡಿಯೇಟರಿಗೆ ನೀರು ಹಾಕದೆ ಜೇವರ್ಗಿವರೆಗೆ ಜೀಪು ಓಡಿಸಿ ಎಂಜಿನ್ ಸುಟ್ಟವನು ನಾನು. ತಪ್ಪು ಹೊರಿಸಿದ್ದು ಈಗ ಪಕ್ಕದಲ್ಲೇ ನಿಂತಿದ್ದ ಹುಸೇನಸಾಬನ ರಿಪೇರಿಯ ಮೇಲೆ. ಪಾಪ, ಆತ ಮರುಮಾತಾಡದೆ ಪುಕ್ಕಟೆ ಸರಿಮಾಡಿ ಕೊಟ್ಟಿದ್ದ. ಈಗ ಹೇಳಿದರೆ ಕಾರೂ ಹೋಗುತ್ತದೆ, ಹುಸೇನಸಾಬನೂ ಹೋಗುತ್ತಾನೆ. ಆದರೆ ಆ ತಾಯಿಯ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. ನಾಚಿಕೆ ಬಿಟ್ಟು ಎಲ್ಲ ಹೇಳಿಬಿಟ್ಟೆ.

ಹುಸೇನಸಾಬ ಕೈ ಒರೆಸಿಕೊಳ್ಳುತ್ತ, "ಆ ಎಂಜಿನ್ ಬಿಚ್ಚಿದಾವ ನಾನೇ ಅಲ್ರಿ, ಸಾವಕಾರ್ರ? ಅವತ್ತೇ ಗೊತ್ತಾಗಿತ್ತು" ಎಂದ.

ಗೌರಾಬಾಯಿ ನಕ್ಕರು. ಚಾವಿ ಮಾತ್ರ ಹುಸೇನಸಾಬನ ಕೈಯಲ್ಲಿಟ್ಟು, ನನ್ನತ್ತ ಬೆರಳು ಮಾಡಿ ಅವನಿಗೆ ಹೇಳಿದರು: "ಗಾಡಿ ಇವಂದೇ. ಇವ ನೀರು ಹಾಕೂದು ಕಲಿಯೂತನಾ ಚಾವಿ ನಿನ್ನ ಹತ್ರ ಇರಲಿ."

ಅಫಜಲಪುರದ ತನಕ ಅವನೇ ಓಡಿಸಿದ. ನಾನು ನೀರಿನ ಕೊಡ ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತು ಬಂದೆ.