ಮೂರನೇ ಮೇಜಿನ ಸಹಿ

ಮತದಾನ ಮುಗಿದ ಒಂಬತ್ತನೆಯ ದಿನ ಬೆಳಿಗ್ಗೆ ಗ್ರೆಗೋರಿಯೊ ಉಸ್ಕಾತೆಗಿ ಬಂದು ಬಾಗಿಲು ಬಡಿದಾಗ ದಿಲ್ಸಿಯಾ ಜೋಳದ ಹಿಟ್ಟಿನ ಅರೆಪಾ ರೊಟ್ಟಿ ತಟ್ಟುತ್ತಿದ್ದಳು. ಗ್ರೆಗೋರಿಯೊ ಎಂದರೆ ಗುಡ್ಡದ ಮುನ್ನೂರು ಮನೆಗೆ ತಿಂಗಳ ಪಡಿ ಹಂಚುವ ಸಮಿತಿಯ ಮುಖ್ಯಸ್ಥ. ಅವನು ನಕ್ಕರೆ ಡಬ್ಬದಲ್ಲಿ ಎಣ್ಣೆ ಇರುತ್ತದೆ, ಮುಖ ಗಂಟಿಕ್ಕಿಕೊಂಡರೆ ಬರೀ ಪಾಸ್ತಾ. ಅಂದು ಅವನು ನಗಲೂ ಇಲ್ಲ, ಗಂಟಿಕ್ಕಲೂ ಇಲ್ಲ. ಜೊತೆಗೆ ಇಸ್ತ್ರಿ ಅಂಗಿಯ ಅಪರಿಚಿತನೊಬ್ಬ ಫೋನು ಹಿಡಿದು ನಿಂತಿದ್ದ.

"ದಿಲ್ಸಿಯಾ, ಈ ಸಹಿ ನಿಂದಲ್ಲ, ಅಲ್ವಾ?" ಎಂದ ಗ್ರೆಗೋರಿಯೊ.

ಫೋನಿನಲ್ಲಿ ಒಂದು ಎಣಿಕೆ ಚೀಟಿಯ ಚಿತ್ರ. ಮತಗಟ್ಟೆಯಾಗಿದ್ದ ಶಾಲೆಯ ಮೂರನೇ ಮೇಜಿನ ಯಂತ್ರ ಮತದಾನ ಮುಗಿದ ಸಂಜೆ ಮೊಳದುದ್ದ ಹೊರಹಾಕಿದ ಚೀಟಿ ಅದು. ಆಡಳಿತ ಪಕ್ಷಕ್ಕೆ ನೂರ ಹದಿನೆಂಟು, ಎದುರು ಪಕ್ಷಕ್ಕೆ ನಾನೂರ ಮೂರು. ಕೆಳಗೆ ಎರಡೂ ಪಕ್ಷದ ಏಜೆಂಟರ ಸಹಿ, ಹೆಬ್ಬೆಟ್ಟು. ಒಂದು ಸಹಿ ಎದುರು ಪಕ್ಷದ ಏಜೆಂಟ್, ಎದುರು ಮನೆಯ ನೋರ್ಕಿಸ್‌ಳದು. ಇನ್ನೊಂದು, ಬಾಲವನ್ನು ಕಾಗದದ ಅಂಚಿನ ತನಕ ಎಳೆದದ್ದು, ಆಡಳಿತ ಪಕ್ಷದ ಏಜೆಂಟಾಗಿ ಕೂತಿದ್ದ ಸಾಕ್ಷಾತ್ ದಿಲ್ಸಿಯಾಳದು. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ಸಾಮಾನಿನ ಪಟ್ಟಿಗೆ ಹಾಕಿದ ಸಹಿ. ಗುಡ್ಡದಲ್ಲಿ ಅದನ್ನು ಗುರುತಿಸದವರಿಲ್ಲ.

"ಇದು ನಕಲಿ ಅಮ್ಮ. ಎದುರು ಪಕ್ಷದೋರು ಫೋನಲ್ಲಿ ಹಂಚ್ತಿದಾರೆ," ಎಂದ ಇಸ್ತ್ರಿ ಅಂಗಿಯವನು, ಬಲು ಮೆತ್ತಗೆ. "ನಾಲ್ಕು ಗಂಟೆಗೆ ಸಮಿತಿ ಕಚೇರಿಗೆ ಬನ್ನಿ. ಇದು ನನ್ನ ಸಹಿ ಅಲ್ಲ ಅಂತ ಹೇಳಿಕೆ ಕೊಟ್ಟುಬಿಡಿ, ಸಾಕು."

"ನೋರ್ಕಿಸ್‌ಗೆ ಏನಾಗುತ್ತೆ?"

"ಸಹಿ ನಕಲು ಮಾಡಿದೋರಿಗೆ ಏನಾಗ್ಬೇಕೋ ಅದು."

ಗ್ರೆಗೋರಿಯೊ ಹೊಸ್ತಿಲಲ್ಲೇ ಒಂದು ಕ್ಷಣ ನಿಂತ. "ನಿಂದೇ ಅಂದ್ಬಿಟ್ರೆ ನೀನೂ ಅವಳ ಜೊತೆ ಸೇರ್ಕೊಂಡಿದೀಯ ಅಂತಾಗುತ್ತೆ ಕಣೇ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ಅವರು ಮೆಟ್ಟಿಲಿಳಿದು ಹೋದರು. ಬಾಣಲೆಯಲ್ಲಿ ಅರೆಪಾ ಸೀದು ಮನೆಯೆಲ್ಲ ಕಮಟು ವಾಸನೆ ತುಂಬಿದರೂ ದಿಲ್ಸಿಯಾ ಕದಲಲಿಲ್ಲ. ಆ ಒಂಬತ್ತು ದಿನದಲ್ಲಿ ಗುಡ್ಡದಿಂದ ಹನ್ನೊಂದು ಜನರನ್ನು ಬೈಕಿನಲ್ಲಿ ಬಂದವರು ಎತ್ತಿಕೊಂಡು ಹೋಗಿದ್ದರು. ಎಲ್ಲಿಟ್ಟಿದ್ದಾರೆ ಎಂದು ಕೇಳಲು ಹೋದ ತಾಯಂದಿರು ಠಾಣೆಯಿಂದ ಠಾಣೆಗೆ ಅಲೆಯುತ್ತಿದ್ದರು.

ನೋರ್ಕಿಸ್ ದಿಲ್ಸಿಯಾಳ ಮಗಳನ್ನು ಚರ್ಚಿನ ಜ್ಞಾನಸ್ನಾನದಲ್ಲಿ ಎತ್ತಿಕೊಂಡು ನಿಂತ ಧರ್ಮತಾಯಿ. ಹೆತ್ತವಳೂ ಧರ್ಮತಾಯಿಯೂ ಒಬ್ಬರಿಗೊಬ್ಬರು ಕೊಮಾದ್ರೆ; ಒಡಹುಟ್ಟಿದವರಿಗಿಂತ ಒಂದು ಕೈ ಹೆಚ್ಚು. ಇಪ್ಪತ್ತಾರು ವರ್ಷದ ಈ ನಂಟಿನಲ್ಲಿ ಹತ್ತು ವರ್ಷದಿಂದ ಒಬ್ಬರು ಒಂದು ಪಕ್ಷ, ಇನ್ನೊಬ್ಬರು ಇನ್ನೊಂದು. ಮಗಳು ಗಡಿ ದಾಟಿ ನಡೆದುಕೊಂಡೇ ಚಿಲಿಗೆ ಹೋದಾಗ ಇಬ್ಬರೂ ಒಂದೇ ಫೋನಿನ ಮುಂದೆ ಕೂತು ಅತ್ತಿದ್ದರು. ಅತ್ತು ಮುಗಿದ ಮೇಲೆ ಒಬ್ಬಳು ಹೊರದೇಶದ ದಿಗ್ಬಂಧನಕ್ಕೆ ಶಾಪ ಹಾಕಿದಳು, ಇನ್ನೊಬ್ಬಳು ಒಳಗಿನ ಕಳ್ಳರಿಗೆ. ಶಾಲೆಯಲ್ಲಿ ನಾನೂರು ತಟ್ಟೆ ಊಟ ಅರವತ್ತಕ್ಕೆ ಇಳಿಯಿತು. ಬೀದಿ ದೀಪಗಳು ಒಂದೊಂದೇ ಕಣ್ಣು ಮುಚ್ಚಿದವು. ಅದೇ ಕತ್ತಲಲ್ಲಿ ಅದೇ ಮೆಟ್ಟಿಲು ಹತ್ತುತ್ತ ಇಬ್ಬರೂ ಬೇರೆಬೇರೆ ಜನರನ್ನು ಬೈದರು. ಈ ಹೆಂಗಸರ ಹಟಕ್ಕೆ ಏನು ಹೇಳುವುದು!

ಮತದಾನದ ದಿನವೂ ಹಾಗೆಯೇ. ಬೆಳಗಿನಿಂದ ಪಕ್ಕಪಕ್ಕ ಕೂತು ಒಂದೇ ಡಬ್ಬಿಯ ತಿಂಡಿ ತಿಂದರು. ಸಂಜೆ ಚೀಟಿ ಹೊರಬಂದಾಗ ದಿಲ್ಸಿಯಾ ನೋರ್ಕಿಸ್‌ಳ ಭುಜಕ್ಕೇ ಒರಗಿ ಅತ್ತಳು, ಆಮೇಲೆ ಮೂಗು ಒರೆಸಿಕೊಂಡು ಸಹಿ ಹಾಕಿದಳು. ಒಂದು ಮೇಜು ತಾನೇ, ಎಂದು ಸಮಾಧಾನ ಮಾಡಿಕೊಂಡಳು. ದೇಶದಲ್ಲಿ ಇಂಥ ಸಾವಿರಾರು ಮೇಜುಗಳಿವೆ. ಟೀವಿಯಲ್ಲಿ ತನ್ನ ಪಕ್ಷವೇ ಗೆದ್ದಿತು ಎಂದಾಗ ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಲಿಲ್ಲ.

ಸೀದ ಬಾಣಲೆಯನ್ನು ಇಳಿಸಿ ಅವಳು ಎದುರು ಮನೆಗೆ ಹೋದಳು. ನೋರ್ಕಿಸ್ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಹಳೇ ಪ್ಯಾಂಟಿನ ಸೊಂಟ ಚಿಕ್ಕದು ಮಾಡುತ್ತಿದ್ದಳು. ಈಚೆಗೆ ಊರಿನಲ್ಲಿ ಆ ಒಂದು ಕೆಲಸಕ್ಕೇನೂ ಕೊರತೆಯಿರಲಿಲ್ಲ.

"ಏನು ಕೊಮಾದ್ರೆ, ಅರೆಪಾ ಸೀಸಿದ್ಯಾ? ಗೆದ್ದ ಪಕ್ಷದೋರ ಅಡುಗೆ ಹೀಗಾ?"

"ತಮಾಷೆ ಸಾಕು. ಇವತ್ತೇ ಊರು ಬಿಡು. ನಿಮ್ಮಣ್ಣನ ತೋಟಕ್ಕೆ ಹೋಗು."

ವಿಷಯ ಕೇಳಿ ನೋರ್ಕಿಸ್ ಯಂತ್ರ ನಿಲ್ಲಿಸಿದಳು. ಮುಖ ಸ್ವಲ್ಪ ಬಿಳಿಚಿತು, ಅಷ್ಟೇ. "ಓಡಿಹೋದ್ರೆ ನಕಲು ಮಾಡಿದ್ದು ನಾನೇ ಅಂತಾಗುತ್ತೆ. ಕೆಳಗೆ ಚೆಕ್‌ಪೋಸ್ಟ್ ಬೇರೆ ಹಾಕಿದಾರೆ. ಅಲ್ಲಾ, ನನಗ್ಯಾಕೆ ಭಯ? ಸಹಿ ಹಾಕಿದೋಳು ನೀನು. ನಿಂದು ಅಂತ ನೀನು ಹೇಳಿದ್ರೆ ಮುಗೀತು."

"ಹೇಳಿದ್ರೆ ನನ್ನನ್ನೂ ಎಳ್ಕೊಂಡು ಹೋಗ್ತಾರೆ!"

"ನಿನ್ನನ್ನಾ? ಇಪ್ಪತ್ತೈದು ವರ್ಷ ಅವರ ಬಾವುಟ ಹೊತ್ತೋಳನ್ನ?"

"ಹೊತ್ತೆ, ಹೌದು. ನಮ್ಮಮ್ಮನ ಕಣ್ಣಿನ ಪೊರೆ ಬಿಟ್ಟಿಯಾಗಿ ತೆಗೆಸಿದ್ದು ಯಾರು?"

"ಆ ಆಸ್ಪತ್ರೇಲಿ ಈಗ ಹತ್ತಿ ಇಲ್ಲ ಕಣೇ, ಹತ್ತಿ!"

"ಶುರುವಾಯ್ತು ನಿಂದು. ಇಡೀ ದೇಶ ನಿನ್ನ ಕಿಟಕೀಲೇ ಕಾಣುತ್ತೆ ಅನ್ನೋ ಹಾಗೆ ಮಾತಾಡ್ತೀಯ. ನಾನು ನೋಡಿದ್ದು ಒಂದೇ ಮೇಜು. ಮಿಕ್ಕಿದ್ದು ನನಗೇನು ಗೊತ್ತು? ನಿನಗೇನು ಗೊತ್ತು?"

"ನನಗೂ ಗೊತ್ತಿಲ್ಲ. ಆದ್ರೆ ಅವರು ಕೇಳ್ತಿರೋದು ಆ ಒಂದು ಮೇಜಿನ ವಿಷಯ ತಾನೇ?"

ನೋರ್ಕಿಸ್ ಎದ್ದು ಬಂದು ಅವಳ ಕೆನ್ನೆಗೆ ಮೆಲ್ಲನೆ ತಟ್ಟಿದಳು. "ನೀನು ಹೆದರುಪುಕ್ಕಲಿ, ನಿಜ. ಆದ್ರೆ ಸುಳ್ಳು ಹೇಳೋಳಲ್ಲ. ಹೋಗಿ ಬಾ."

ಸಮಿತಿ ಕಚೇರಿಯ ತನಕ ಇನ್ನೂರು ಮೆಟ್ಟಿಲು. ಇಳಿಯುತ್ತ ದಿಲ್ಸಿಯಾ ಒಂದು ಉಪಾಯ ಕಟ್ಟಿಕೊಂಡಳು. ನನ್ನದು ಎನ್ನುವುದಿಲ್ಲ, ನನ್ನದಲ್ಲ ಎಂದೂ ಅನ್ನುವುದಿಲ್ಲ. ಅಳುತ್ತಿದ್ದೆ, ಸರಿಯಾಗಿ ನೋಡಲಿಲ್ಲ, ನೆನಪಿಲ್ಲ. ಇದರಲ್ಲಿ ಸುಳ್ಳೇನಿದೆ? ಕಣ್ಣಲ್ಲಿ ನೀರಿದ್ದದ್ದು ನಿಜವೇ ಅಲ್ಲವೇ? ಅವಳಿಗೆ ಎಷ್ಟೋ ಹಗುರವೆನಿಸಿತು. ಭಯಪಟ್ಟ ಮನಸ್ಸು ಎಂಥ ಸಣ್ಣ ಬಿಲದಲ್ಲೂ ನುಸುಳಿಬಿಡುತ್ತದೆ.

ಇಸ್ತ್ರಿ ಅಂಗಿಯವನು ಸಾವಧಾನವಾಗಿ ಕೇಳಿಸಿಕೊಂಡು, ಮೊದಲೇ ಟೈಪು ಮಾಡಿದ್ದ ಹಾಳೆಯನ್ನು ಅವಳತ್ತ ಸರಿಸಿದ. ಅದರಲ್ಲಿ ಅಳುವಿನ ಮಾತೇ ಇರಲಿಲ್ಲ. ಸದರಿ ಸಹಿ ನನ್ನದಲ್ಲ, ಎಂದಿತ್ತು.

"ನಾನು ಹೇಳಿದ್ದು ಹೀಗಲ್ಲ."

"ನೋಡ್ಲಿಲ್ಲ ಅಂದ್ರೆ ನಿಮ್ಮದಲ್ಲ ಅಂತಲೇ ಅರ್ಥ ಅಮ್ಮ. ಇಲ್ಲಿ ಸಹಿ ಹಾಕಿ."

ಅವಳು ಪೆನ್ನು ಹಿಡಿದಳು. ಇಪ್ಪತ್ತು ವರ್ಷದ ರೂಢಿ; ಕೈ ತಾನಾಗಿಯೇ ದೊಡ್ಡ ಸುಳಿಯೊಂದನ್ನು ಶುರು ಮಾಡಿತು. ಗ್ರೆಗೋರಿಯೊ ಥಟ್ಟನೆ ಅವಳ ಮಣಿಕಟ್ಟು ಹಿಡಿದ.

"ಹಾಗಲ್ಲ ಕಣೇ! ಹಾಗೆ ಹಾಕಿದ್ರೆ ಚೀಟೀಲಿರೋ ಸಹೀನೇ ಆಗೋಗುತ್ತಲ್ಲ. ಬೇರೆ ಥರ ಹಾಕು. ಚಿಕ್ಕದಾಗಿ."

ಇನ್ನೊಂದು ಹಾಳೆ ಬಂತು. ಈ ಸಹಿ ನಕಲಿ ಎನ್ನಲು ತಾನೇ ನಕಲಿ ಸಹಿ ಹಾಕಬೇಕು ಎಂಬುದು ಅವಳಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಆದರೆ ಬಾಗಿಲ ಹೊರಗೆ ಬೈಕುಗಳು ನಿಂತಿದ್ದವು. ಒಂದನೇ ತರಗತಿಯ ಮಗುವಿನಂತೆ ಅವಳು ಅಕ್ಷರಗಳನ್ನು ಬಿಡಿಬಿಡಿಯಾಗಿ ಬರೆದಳು.

"ಹೆಬ್ಬೆಟ್ಟು?" ಎಂದು ಬೆರಳು ಚಾಚಿದಳು.

"ಹೆಬ್ಬೆಟ್ಟು ಬೇಡ," ಎಂದ ಇಸ್ತ್ರಿ ಅಂಗಿಯವನು.

ಗ್ರೆಗೋರಿಯೊ ಎರಡು ಬಾಟಲಿ ಎಣ್ಣೆ ಕೊಟ್ಟು ಕಳಿಸಿದ. ಅವಳು ಅದನ್ನು ಎದೆಗವಚಿಕೊಂಡು ಹತ್ತುತ್ತಿದ್ದಂತೆ ಬೈಕುಗಳು ಪಕ್ಕದ ಇಳಿಜಾರಿನಲ್ಲಿ ಗುಡುಗುಡು ಎಂದು ಅವಳಿಗಿಂತ ಮುಂಚೆ ಮೇಲೇರಿದವು.

ಅವಳು ಏದುಸಿರು ಬಿಡುತ್ತ ತಲುಪುವಷ್ಟರಲ್ಲಿ ನಾಲ್ವರು ನೋರ್ಕಿಸ್‌ಳನ್ನು ಹೊರಗೆ ತಂದಿದ್ದರು. ಅಕ್ಕಪಕ್ಕದ ಕಿಟಕಿಗಳೆಲ್ಲ ಮುಚ್ಚಿದ್ದವು. ನೋರ್ಕಿಸ್ ಮಾತ್ರ, ಕೊರಳಲ್ಲಿ ಇನ್ನೂ ಅಳತೆ ಟೇಪು ನೇತುಹಾಕಿಕೊಂಡು, ಆ ನಾಲ್ವರನ್ನು ಪುಂಡ ಹುಡುಗರನ್ನು ಬೈದಂತೆ ಬೈಯುತ್ತಿದ್ದಳು. ದಿಲ್ಸಿಯಾಳನ್ನು ಕಂಡದ್ದೇ ಅವಳ ಮುಖ ಅರಳಿತು.

"ಬಂದ್ಳು ನೋಡಿ! ಇವಳನ್ನೇ ಕೇಳಿ. ನಿಮ್ಮ ಪಕ್ಷದೋಳೇ, ಅದೇ ಮೇಜಲ್ಲಿ ನನ್ನ ಪಕ್ಕದಲ್ಲೇ ಕೂತಿದ್ಲು." ಹಾಗೆನ್ನುತ್ತಲೇ ಮನೆಯ ಬೀಗದ ಕೈಯನ್ನು ಅವಳತ್ತ ಚಾಚಿದಳು. "ಕೊಮಾದ್ರೆ, ಒಲೆ ಮೇಲೆ ಅವರೆ ಬೇಯ್ತಿದೆ, ಸ್ವಲ್ಪ ಇಳಿಸಿಬಿಡೇ. ಹೇಳು ಇವರಿಗೆ. ನೀನು ನೋಡಿದ್ದನ್ನ ಹೇಳು."

ನಾಲ್ವರೂ ತಿರುಗಿದರು. ಅವರಲ್ಲಿ ಹಿರಿಯನಾಗಿ ಕಂಡವನು ಮರ್ಯಾದೆಯಿಂದಲೇ ಕೇಳಿದ, "ಹೌದೇನಮ್ಮ?"

ಎಣ್ಣೆಯ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು. ದಿಲ್ಸಿಯಾ ಅವನ್ನು ಇನ್ನೂ ಬಿಗಿಯಾಗಿ ಅವಚಿಕೊಂಡಳು.

"ನಾನು ಸರಿಯಾಗಿ ನೋಡ್ಲಿಲ್ಲ," ಎಂದಳು.

ನೋರ್ಕಿಸ್ ಬಾಟಲಿಗಳನ್ನು ನೋಡಿದಳು, ಆಮೇಲೆ ಅವಳ ಮುಖ ನೋಡಿದಳು. ಬೈಯುತ್ತಾಳೆ, ಉಗಿಯುತ್ತಾಳೆ ಎಂದು ದಿಲ್ಸಿಯಾ ಕಾದಳು, ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಬೈಯಲಿಲ್ಲ. ಪಿಸ್ತೂಲು ಸಿಕ್ಕಿಸಿಕೊಂಡ ನಾಲ್ವರಿಗೆ ಅಷ್ಟು ಹೊತ್ತೂ ಹೆದರದೆ ನಿಂತಿದ್ದವಳು ಈಗ ದಿಲ್ಸಿಯಾಳನ್ನು ನೋಡಿ ಹೆದರಿದಳು. ಒಂದು ಹೆಜ್ಜೆ ಹಿಂದೆ ಸರಿದು, ಬೀಗದ ಕೈಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.