ಎರಡೂ ಹತ್ತರ ಗಾಡಿ

ಲಾಭವಿಲ್ಲದ್ದೆಲ್ಲ ಭೂಮಿಗೆ ಭಾರ ಎಂದು ನಂಬಿದ ಮನುಷ್ಯ ಕಮಲಾಕ್ಷ. ಮುಂಬಯಿಯ ಡೊಂಬಿವಲಿ ಸ್ಟೇಷನ್ನಿನ ಎದುರು ಮೂವತ್ತು ವರ್ಷ ಹೋಟೆಲು ನಡೆಸಿದವನಿಗೆ ಯಾರು ಬುದ್ಧಿ ಹೇಳುವುದು? ರೈಲಿನ ಮಾತು ಬಂದರಂತೂ ಮುಗಿಯಿತು.

"ಖಾಲಿ ಡಬ್ಬಿ ಎಳ್ಕೊಂಡು ಹೋಗ್ಲಿಕ್ಕೆ ನಾವ್ಯಾಕೆ ಟ್ಯಾಕ್ಸ್ ಕಟ್ಬೇಕು? ನಷ್ಟದ ಗಾಡಿ ಬಂದ್ ಮಾಡ್ಲಿ."

ಗಲ್ಲಾದಲ್ಲಿ ಕೂರುವ ಯಜ್ಞೇಶ್ವರ, ಅವನ ಅಕ್ಕ ಮೋಹಿನಿಯ ಗಂಡ, ನಗುತ್ತಿದ್ದರು. "ನೀನು ಸಾಂಬಾರಿಗೆ ಬಿಲ್ ಹಾಕ್ತೀಯಾ? ಎರಡು ಇಡ್ಲಿಗೆ ಮೂರು ಸಲ ಕೇಳ್ತಾರೆ. ಸಾಂಬಾರ್ ಬಂದ್ ಮಾಡಿ ನೋಡು, ಇಡ್ಲಿ ಯಾರು ತಿಂತಾರೆ ಅಂತ."

"ಸಾಂಬಾರು ಬೇರೆ, ಸರಕಾರ ಬೇರೆ, ಭಾವ."

ಮೋಹಿನಿಗೆ ಪಾರ್ಶ್ವವಾಯು ಬಡಿದು ಎರಡು ವರ್ಷವಾಗಿತ್ತು. ಐದು ಸ್ಟೇಷನ್ ಆಚೆ ಟಿಟ್ವಾಳಾದ ಮನೆಯಲ್ಲಿ ಬೆಳಿಗ್ಗೆ ಪಕ್ಕದವರು ನೋಡಿಕೊಳ್ಳುತ್ತಿದ್ದರು. ಭಾವ ಊಟದ ಗಲಾಟೆ ಮುಗಿಸಿ, ಡಬ್ಬಿಯಲ್ಲಿ ಅನ್ನ ಸಾರು ಹಿಡಿದು, ಎರಡೂ ಹತ್ತರ ಲೋಕಲ್ ಹತ್ತುತ್ತಿದ್ದರು. ಅವರು ಬಂದು ತಿನ್ನಿಸದೆ ಅವಳು ಒಂದು ತುತ್ತೂ ಮುಟ್ಟುತ್ತಿರಲಿಲ್ಲ.

ಆ ಮಳೆಗಾಲದಲ್ಲಿ ಒಂದು ದಿನ, ಭಾವ ಗಾಡಿಗೆ ಹೋದ ಮೇಲೆ, ಇಬ್ಬರು ಹುಡುಗಿಯರು ರೈಲ್ವೆ ಸಮೀಕ್ಷೆಯ ಫಾರ್ಮು ತಂದರು. ಮಧ್ಯಾಹ್ನ ಎರಡೂ ಹತ್ತರ ಗಾಡಿ ನಿಮಗೆ ಬೇಕೇ, ಬೇಡವೇ ಎಂದು ಪ್ರಶ್ನೆ. ಬ್ಯಾಂಕಿನದಿರಲಿ, ರೇಷನ್ನಿನದಿರಲಿ, ಆ ಹೋಟೆಲಿನಲ್ಲಿ ಎಲ್ಲರ ಫಾರ್ಮನ್ನೂ ಯಜಮಾನನೇ ತುಂಬುವುದು ಮೊದಲಿನಿಂದ ಬಂದ ಪದ್ಧತಿ. ಒಳಗೆ ದೋಸೆ ಹುಯ್ಯುತ್ತಿದ್ದವರನ್ನು ಕರೆಯುವುದೇಕೆಂದು ಕಮಲಾಕ್ಷ ಹೋಟೆಲಿನ ಹದಿನಾಲ್ಕೂ ಜನರ ಹೆಸರಿನಲ್ಲಿ ತಾನೇ ಬರೆದ: ಬೇಡ, ಬೇಡ, ಬೇಡ.

ಭಾವನ ಫಾರ್ಮು ಬಂದಾಗ ಪೆನ್ನು ನಿಂತದ್ದು ನಿಜ. ಆದರೆ ಮುಕ್ಕಾಲು ಗಂಟೆ ಬಿಟ್ಟು ಇನ್ನೊಂದು ಗಾಡಿ ಉಂಟಲ್ಲ, ಅಷ್ಟರಲ್ಲಿ ಯಾವ ಪ್ರಳಯವಾಗುತ್ತದೆ? ಅದಕ್ಕೂ ಬೇಡ ಎಂದೇ ಬರೆದ. ಹೇಳುವುದು ಒಂದು ಮಾಡುವುದು ಇನ್ನೊಂದು ಅವನಿಗೆ ಆಗಿಬರುತ್ತಿರಲಿಲ್ಲ. ಆ ಹಟಕ್ಕಿಷ್ಟು ಬೆಂಕಿ ಬಿತ್ತು!

ಹೊಸ ವೇಳಾಪಟ್ಟಿಯಲ್ಲಿ ಆ ಗಾಡಿ ಇರಲಿಲ್ಲ. ಹದಿನಾಲ್ಕು ಫಾರ್ಮಿನಿಂದಲೇ ಹೋಯಿತೋ, ಹೇಗೂ ಹೋಗುವುದಿತ್ತೋ, ದೇವರೇ ಬಲ್ಲ. ಗಾಡಿ ನಿಂತ ಹನ್ನೊಂದನೆಯ ದಿನ, ಕಾದು ಕಾದು ಸಾಕಾದ ಮೋಹಿನಿ ಒಬ್ಬಳೇ ಏಳಹೋಗಿ ಅಡುಗೆಮನೆಯ ಹೊಸಿಲಿನ ಮೇಲೆ ಬಿದ್ದಳು. ಭಾವ ಮುಂದಿನ ಗಾಡಿಯಲ್ಲಿ ಬಂದು ಬಾಗಿಲು ತೆಗೆದಾಗ ಉಸಿರಿರಲಿಲ್ಲ. ಬಿದ್ದು ಅರ್ಧ ಗಂಟೆಯೂ ಆಗಿಲ್ಲ ಎಂದರು ಡಾಕ್ಟರು.

ಹದಿಮೂರನೆಯ ದಿನದ ಊಟ ಮುಗಿದು ನೆಂಟರೆಲ್ಲ ಹೋದ ಮೇಲೆ ಭಾವ ಒಂದು ಹಾಳೆ, ಪೆನ್ನು ತಂದು ಕಮಲಾಕ್ಷನ ಮುಂದಿಟ್ಟರು.

"ಒಂದು ಅರ್ಜಿ ಬರ್ದು ಕೊಡು ಮಾರಾಯ. ಆ ಗಾಡಿ ಪುನಃ ಬಿಡಿ ಅಂತ. ನನಗೆ ಇನ್ನು ಎಂತಕ್ಕೆ? ಬೇರೆಯವರ ಮನೆಯಲ್ಲಿ ಹೀಗೆ ಆಗುದು ಬೇಡ." ಕಣ್ಣೊರೆಸಿಕೊಂಡರು. "ತೆಗೆಯುವ ಮೊದಲು ನಮ್ಮನ್ನು ಒಂದು ಮಾತು ಕೇಳ್ಬಹುದಿತ್ತಲ್ಲ ಅವರು."

ಕಮಲಾಕ್ಷ ಸುಮ್ಮನಿದ್ದುಬಿಡಬಹುದಿತ್ತು. ಅಕ್ಕನ ಫೋಟೋದ ಎದುರು ಆಗಲಿಲ್ಲ.

"ಕೇಳಿದ್ರು ಭಾವ. ನಿಮ್ಮ ಹೆಸರಲ್ಲಿ ಬೇಡ ಅಂತ ನಾನೇ ಬರ್ದು ಕೊಟ್ಟೆ."

ಭಾವ ಬೈಯಲಿಲ್ಲ. ಬೈದಿದ್ದರೆ ಅವನು ಬದುಕುತ್ತಿದ್ದ. ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು, ಒಂದೊಂದೇ ಅಕ್ಷರ ಕೂಡಿಸಿ ತಾವೇ ಬರೆಯತೊಡಗಿದರು. ಅವರಿಗೆ ಬರೆಯಲು ಬರುತ್ತಿದ್ದುದು ಕನ್ನಡ ಮಾತ್ರ. ರೈಲ್ವೆಯ ಕಚೇರಿಯಲ್ಲಿ ಅದನ್ನು ಓದುವವರು ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು.